ಏಣು ಮುರಿಯುವವಳು

ಆ ಪದ ಮಹೇಂದ್ರನ ಕಿವಿಗೆ ಮೊದಲ ಸಲ ಬಿದ್ದದ್ದು ಒಂದು ಭಾನುವಾರ ಬೆಳಗ್ಗೆ. ಅವನು ಶೆಡ್ಡಿನಲ್ಲಿ ನಿಂತು ಯಾರದೋ ದೇವರ ಕೋಣೆಗೆ ಬಾಗಿಲು ಮಾಡುತ್ತಿದ್ದ. ಹೆಂಡತಿ ಅಮೂಲ್ಯ ಕಾಫಿ ಲೋಟ ತಂದು ಬೆಂಚಿನ ಮೇಲಿಟ್ಟಳು. ಬಾಗಿಲಿನ ಅಂಚನ್ನು ಹೆಬ್ಬೆರಳಲ್ಲಿ ಸವರಿ ನೋಡಿ, "ರೀ, ಇಲ್ಲಿಗೆ ಒಸಿ ಚಾಂಫರ್ ಹೊಡೀರಿ, ಚುಚ್ತದೆ" ಅಂದಳು.

ಮಹೇಂದ್ರ ಕೈಯಲ್ಲಿದ್ದ, ಮರ ಹೆರೆಯುವ ಹತ್ತರಿಯನ್ನು ಪಕ್ಕಕ್ಕಿಟ್ಟ. "ಏನು ಹೊಡೀಬೇಕು?"

"ಚಾಂಫರ್ರು. ಅದೇ, ಮೂಲೆ ಚೂಪು ತೆಗೆದು ಓರೆ ಮಾಡೋದು."

"ಏಣು ಮುರಿಯೋದು ಅನ್ನು."

"ಅದೇ ಕಣ್ರೀ" ಎಂದು ಅವಳು ಒಳಗೆ ಹೋದಳು. ಕಾಫಿ ಆರಿ ಕೆನೆ ಕಟ್ಟುವವರೆಗೂ ಮಹೇಂದ್ರ ಲೋಟ ಮುಟ್ಟಲಿಲ್ಲ.

ಅಕ್ಕೂರಿನಲ್ಲಿ ಮರದ ಕೆಲಸಕ್ಕೆ ಮಹೇಂದ್ರನದೇ ಹೆಸರು. ಅದು ಅವನ ಮನೆತನದ ಕಸುಬಲ್ಲ. ಅಪ್ಪ ಲಕ್ಷ್ಮಯ್ಯ ಶಾಲೆಯಲ್ಲಿ ಜವಾನರಾಗಿದ್ದವರು. ಪಿಯುಸಿ ಕೈಕೊಟ್ಟ ಮೇಲೆ ಮಹೇಂದ್ರ ಮಾಗಡಿ ಕಡೆಯ ಗುಡೇಮಾರನಹಳ್ಳಿಗೆ ಹೋಗಿ, ರಾಮಲಿಂಗಯ್ಯ ಎಂಬ ಮುದುಕನ ಕೈಕೆಳಗೆ ವರ್ಷಗಟ್ಟಲೆ ಮರ ಉಜ್ಜಿ ಕೆಲಸ ಕಲಿತಿದ್ದ. ಮರದ ಎರಡು ಮುಖ ಬಂದು ಕೂಡುವ ಚೂಪು ಗೆರೆಗೆ ಆ ಮುದುಕ ಏಣು ಅನ್ನುತ್ತಿದ್ದ. ಎಲ್ಲಾ ಮುಗಿದ ಮೇಲೆ, "ಏಣು ಮುರಿದ್ಯೇನ್ಲಾ? ಮುರೀದಿದ್ರೆ ಅದು ಬಾಗ್ಲಲ್ಲ, ಮಚ್ಚು ಕಣ್ಲಾ" ಎಂದು ಗದರುತ್ತಿದ್ದ. ಊರಿಗೆ ವಾಪಸು ಬಂದ ಮಹೇಂದ್ರ, ಮೊದಲು ರೇಷ್ಮೆ ಹುಳು ಸಾಕುತ್ತಿದ್ದ ಹುಳದ ಮನೆಯನ್ನು ಖಾಲಿ ಮಾಡಿಸಿ ಶೆಡ್ಡು ಮಾಡಿಕೊಂಡ. ಬಾಗಿಲು, ಕಿಟಕಿ, ಮಂಚ, ಹುಳು ಮೇಯಿಸುವ ಸ್ಟ್ಯಾಂಡು, ಏನು ಬೇಕಿದ್ದರೂ ಜನ "ಮೇಸ್ತ್ರಿ" ಎಂದುಕೊಂಡು ಅವನ ಬಾಗಿಲಿಗೇ ಬರುತ್ತಿದ್ದರು. ಆ ಕರೆ ಅವನಿಗೆ ಇಷ್ಟ. ಊಟಕ್ಕೆ ಕೂತಿದ್ದಾಗ ಯಾರಾದರೂ ಹೊರಗಿನಿಂದ ಮೇಸ್ತ್ರಿ ಅಂದರೆ ಎರಡನೇ ಸಲ ಕೂಗಲಿ ಎಂದು ಒಂದು ಗಳಿಗೆ ತಡೆದು ಏಳುತ್ತಿದ್ದ.

ಅಮೂಲ್ಯ ಬಿ.ಎ. ಓದಿದವಳು. ಮಗಳು ಕನಕಪುರದ ವಸತಿ ಶಾಲೆಗೆ ಸೇರಿದ ಮೇಲೆ ಮನೆಯಲ್ಲಿ ಕೂತು ಬೇಜಾರಾಗಿ, ಚನ್ನಪಟ್ಟಣದ ಒಂದು ಗೊಂಬೆ ಘಟಕಕ್ಕೆ ಕೆಲಸಕ್ಕೆ ಹೋಗತೊಡಗಿದ್ದಳು. ಅದನ್ನು ನಡೆಸುತ್ತಿದ್ದದ್ದು ಇಸ್ಮತ್ ಎಂಬ ಐವತ್ತು ದಾಟಿದ ಹೆಂಗಸು. ಬಣ್ಣದ ಬುಗುರಿ, ಗಿಲಕಿ, ಪುಟ್ಟ ರೈಲು ಕಡೆಯುವ ಜಾಗ. ಅಮೂಲ್ಯಳಿಗೆ ಕೊಟ್ಟಿದ್ದದ್ದು ತಯಾರಾದ ಗೊಂಬೆಗಳನ್ನು ನೋಡಿ, ಎಣಿಸಿ, ಡಬ್ಬಕ್ಕೆ ತುಂಬುವ ಕೆಲಸ. ಚಾಂಫರ್ ಅನ್ನುವ ಮಾತು ಡಬ್ಬ ತುಂಬುವವಳಿಗೆ ಎಲ್ಲಿಂದ ಬಂತು?

ಅವನು ಆಮೇಲೆ ಕಿವಿಗೊಟ್ಟು ಕೇಳತೊಡಗಿದ. ಅವಳ ಮಾತಿನಲ್ಲಿ ಲೋಕೇಶ್ ಎಂಬ ಹೆಸರು ಹೊಸದಾಗಿ ಓಡಾಡುತ್ತಿತ್ತು. ಲೋಕೇಶ್ ಘಟಕಕ್ಕೆ ಗೊಂಬೆಗಳ ನಕ್ಷೆ ಬರೆಯುವ ಹುಡುಗ. ಡಿಪ್ಲೊಮಾ ಮಾಡಿಕೊಂಡವನು, ಇನ್ನೂ ಮದುವೆಯಾಗಿಲ್ಲ. ಸಾರಿಗೆ ಒಗ್ಗರಣೆ ಹಾಕುತ್ತಾ ಲೋಕೇಶ್ ಹಿಂಗಂದ, ಹಾಸಿಗೆ ಕೊಡವುತ್ತಾ ಲೋಕೇಶ್ ಹಂಗಂದ. ಅವಳ ಮೊಬೈಲು ಟಿಂಗ್ ಅಂದಾಗ ಮಹೇಂದ್ರ ಓರೆಗಣ್ಣಲ್ಲಿ ನೋಡಿದ. ಮರದ ತುಂಡಿನ ಫೋಟೊ, ಕೆಳಗೆ ಹೆಬ್ಬೆಟ್ಟಿನ ಗುರುತು. ಬೇರೇನೂ ಇರಲಿಲ್ಲ. ಏನೂ ಇಲ್ಲದ್ದೇ ಅವನ ಅನುಮಾನವನ್ನು ಹೆಚ್ಚಿಸಿತು. ಬಚ್ಚಿಡೋ ಜನ ಹಂಗೇ ಅಲ್ವಾ ಮಾಡೋದು ಅಂದುಕೊಂಡ.

ತಾಯಿ ಮಾರಕ್ಕ ಒಂದು ದಿನ ಕೇಳಿಯೇಬಿಟ್ಟಳು. "ಯಾಕ್ಲಾ ಮೊಕ ಹಂಗ್ ಊದ್ಸ್ಕಂಡಿದ್ದೀಯ? ಅವಳೇನಾರ ಅಂದ್ಳಾ?"

"ಏನೂ ಇಲ್ಲ ಬುಡವ್ವ."

"ಇಲ್ದಿದ್ರೆ ಅನ್ನ ಬುಟ್ಟು ಎದ್ದೇಳ್ತಿದ್ಯಾ? ಕೇಳ್ಬೇಕಾದ್ದ ಅವಳ್ನೇ ಕೇಳು. ನನ್ನ ಮುಂದೆ ತಟ್ಟೆ ಕುಕ್ಬೇಡ."

ಅವಳನ್ನು ಕೇಳುವುದು ಅವನಿಂದಾಗಲಿಲ್ಲ. ಅದರ ಬದಲು ಒಂದು ಬುಧವಾರ ಬೈಕು ಹತ್ತಿ ಚನ್ನಪಟ್ಟಣಕ್ಕೆ ಹೋದ. ಸ್ಕ್ರೂ ತರುವುದಿದೆ ಎಂದು ತಾಯಿಗೆ ಹೇಳಿದ್ದ.

ಘಟಕದ ಒಳಗೆ ಅರಗಿನ ವಾಸನೆ. ಸಾಲಾಗಿ ಕಡೆಯುವ ಯಂತ್ರಗಳು ತಿರುಗುತ್ತಿದ್ದವು. ಹಾಲೆ ಮರದ ಬಿಳಿ ಸಿಪ್ಪೆ ನೆಲದ ತುಂಬ ಸುರುಳಿ ಸುರುಳಿಯಾಗಿ ಬಿದ್ದಿತ್ತು. ಇಸ್ಮತ್ ಅವನನ್ನು ಗುರುತು ಹಿಡಿದು, "ಬರ್ರಿ ಮೇಸ್ತ್ರಿ, ಕೂತ್ಕೊಳ್ಳಿ. ಅಮೂಲ್ಯಾ ಹಿಂದುಗಡೆ ಇದಾಳೆ. ಮೊದ್ಲು ಚಾ ಕುಡೀರಿ" ಎಂದಳು. ಚಹಾ ಬರುವಷ್ಟರಲ್ಲಿ ಲೋಕೇಶನೇ ಬಂದ. ತೆಳ್ಳಗೆ, ಕನ್ನಡಕ ಹಾಕಿಕೊಂಡು, ಶರ್ಟಿನ ತೋಳಿಗೆಲ್ಲ ಪೆನ್ಸಿಲ್ ಮಸಿ ಮೆತ್ತಿಕೊಂಡಿದ್ದ. ಮಹೇಂದ್ರ ಊಹಿಸಿಕೊಂಡಿದ್ದಷ್ಟು ಚೆಲುವನಲ್ಲ.

"ನೀವೇನಾ ಮಹೇಂದ್ರಣ್ಣ? ನಿಮ್ಮನ್ನ ನೋಡ್ಬೇಕು ಅಂತ ಎಷ್ಟು ದಿನದಿಂದ ಕಾಯ್ತಿದ್ದೆ ಗೊತ್ತಾ" ಎಂದು ಅವನು ಎರಡೂ ಕೈ ಹಿಡಿದುಕೊಂಡ.

ಮಹೇಂದ್ರ ಕೈ ಬಿಡಿಸಿಕೊಂಡು ನೇರವಾಗಿ ಕೇಳಿದ. "ಅದೇನಪ್ಪ ಅದು, ಚಾಂಫರ್ರು? ನಮ್ಮನೇಲಿ ಈಗ ಅದೇ ಮಾತು."

ಲೋಕೇಶನಿಗೆ ಆ ದನಿಯ ಕಹಿ ತಿಳಿಯಲಿಲ್ಲ. ಅವನ ಮುಖ ಅರಳಿತು. "ಅದರದ್ದೇ ಒಂದು ಕತೆ ಅಣ್ಣ. ನಾವು ಕಾಲೇಜಲ್ಲಿ ಚಾಂಫರ್, ಬೆವೆಲ್ ಅಂತ ಕಲ್ತಿದ್ವಿ. ಹಲಗೆಯ ಇಡೀ ದಪ್ಪವೇ ಓರೆಯಾದ್ರೆ ಬೆವೆಲ್ಲು. ಮೂಲೆ ಚೂಪು ಮಾತ್ರ ಹೋಗಿ ಸಣ್ಣ ಪಟ್ಟಿ ಬಿದ್ರೆ ಚಾಂಫರ್ರು. ಪದ ಯಾಕೆ ಬಂತು ಅಂತ ನಮಗೆ ಯಾರೂ ಹೇಳಿರ್ಲಿಲ್ಲ, ನಾವೂ ಕೇಳಿರ್ಲಿಲ್ಲ. ಒಂದಿನ ನಾನು ನಕ್ಷೆ ತೋರಿಸಿ ಚಾಂಫರ್ ಅಂದಾಗ ಅಮೂಲ್ಯಕ್ಕ ನಕ್ರು. 'ಇದಕ್ಕೆ ನಮ್ಮೆಜಮಾನ್ರು ಏಣು ಮುರಿಯೋದು ಅಂತಾರೆ' ಅಂದ್ರು. ಮನೆಗೆ ಹೋಗಿ ಹುಡುಕಿ ನೋಡ್ತೀನಿ, ಅದು ಇಂಗ್ಲಿಷಿಗೆ ಫ್ರೆಂಚರಿಂದ ಬಂದ ಹಳೇ ಮಾತು. ಎರಡು ಮಾತು ಸೇರಿ ಒಂದಾಗಿರೋದು. ಮೊದಲ್ನೇದಕ್ಕೆ ಅರ್ಥ ಅಂಚು, ಏಣು. ಎರಡನೇದಕ್ಕೆ ಮುರಿಯೋದು!"

ಅವನು ಚಪ್ಪಾಳೆ ತಟ್ಟುವುದೊಂದು ಬಾಕಿ. "ಅಲ್ಲಿ ಯಾವನೋ ಬಡಗಿ ಏಣು ಮುರಿ ಅಂದ, ಇಲ್ಲಿ ನಿಮ್ಮ ಗುರುಗಳೂ ಏಣು ಮುರಿ ಅಂದ್ರು. ಒಬ್ಬರ ಮೊಕ ಒಬ್ಬರು ಕಂಡಿಲ್ಲ. ಮರದ ಮುಂದೆ ನಿಂತೋರಿಗೆ ಒಂದೇ ಮಾತು ಹೊಳೆದಿದೆ ನೋಡಿ."

ಮಹೇಂದ್ರನ ಎದೆಯ ಮೇಲಿದ್ದ ಕಲ್ಲು ಅರ್ಧ ಸರಿಯಿತು. ಹುಡುಗನ ಕಣ್ಣಲ್ಲಿ ಕಳ್ಳತನವಿರಲಿಲ್ಲ. ಇವನಿಗೆ ಹೆಂಗಸರಿಗಿಂತ ಪದಗಳ ಹುಚ್ಚೇ ಹೆಚ್ಚು ಅನ್ನಿಸಿತು. ಅವಳು ಇಲ್ಲಿ ತನ್ನ ಹೆಸರು ಹೇಳಿದ್ದಾಳೆ, ತನ್ನ ಮಾತನ್ನು ಎತ್ತಿ ಆಡಿದ್ದಾಳೆ. ಅವನಿಗೆ ನಗು ಬಂತು. ಚಹಾ ಕುಡಿದು, ಅಮೂಲ್ಯಳನ್ನು ನೋಡಿಕೊಂಡು ಹೋಗೋಣ ಎಂದು ಹಿಂದಿನ ಕೋಣೆಗೆ ನಡೆದ.

ಬಾಗಿಲ ಬಳಿಯೇ ನಿಂತುಬಿಟ್ಟ.

ಅಮೂಲ್ಯ ಡಬ್ಬ ತುಂಬುತ್ತಿರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆಂಚಿಗೆ ಬಿಗಿದ ಹಲಗೆಯ ಮೇಲೆ ಸಣ್ಣ ಹತ್ತರಿ ಓಡಿಸುತ್ತಿದ್ದಳು. ಹತ್ತರಿಯನ್ನು ಓರೆಯಾಗಿ ಹಿಡಿದು, ಏಣಿನ ಉದ್ದಕ್ಕೂ ಒಂದೇ ಉಸಿರಿನಲ್ಲಿ ಎಳೆದಳು. ಸಿಪ್ಪೆ ಎಲ್ಲೂ ಕಡಿಯದೆ ದಾರದಂತೆ ಇಳಿದು ಅವಳ ಕಾಲ ಬಳಿ ಬಿತ್ತು. ಮತ್ತೊಂದು ಸಲ ಎಳೆದಳು, ಮತ್ತೊಂದು. ಗೆರೆ ಹಾಕಿಕೊಂಡಿರಲಿಲ್ಲ. ಪಟ್ಟಿ ಈ ತುದಿಯಿಂದ ಆ ತುದಿಯವರೆಗೆ ಒಂದೇ ಅಗಲ. ಕೊನೆಯಲ್ಲಿ ಮರ ಸೀಳದ ಹಾಗೆ ಕೈಯನ್ನು ತುಸು ಎತ್ತಿದಳು. ಆ ಎತ್ತುವಿಕೆ ರಾಮಲಿಂಗಯ್ಯನದು. ಅದನ್ನು ಹಿಡಿಯಲು ಮಹೇಂದ್ರನಿಗೆ ಎರಡು ವರ್ಷ ಬೇಕಾಗಿತ್ತು, ಇವತ್ತಿಗೂ ಹತ್ತರಲ್ಲಿ ಒಂದು ತಪ್ಪುತ್ತಿತ್ತು.

ಇಸ್ಮತ್ ಹಿಂದಿನಿಂದ ಬಂದು ಹೇಳಿದಳು. "ಇಲ್ಲಿದ್ದ ಕಾರ್ಪೆಂಟರ್ ಬಿಟ್ಟು ಹೋದ. ಕೆಲಸ ನಿಂತೋಯ್ತು ಅಂತ ತಲೆ ಮೇಲೆ ಕೈ ಇಟ್ಕೊಂಡಿದ್ದೆ. 'ಒಂದ್ಸಲ ನಾನು ನೋಡ್ಲಾ' ಅಂದ್ಳು ನಿಮ್ಮ ಮನೆಯೋಳು. ಅಲ್ಲಾ ಮೇಸ್ತ್ರಿ, ಇಂಥಾ ಕೈಯಿರೋಳನ್ನ ಇಷ್ಟು ವರ್ಷ ಮನೇಲಿ ಕೂರ್ಸಿದ್ರಲ್ಲ!"

ಅಮೂಲ್ಯ ತಲೆಯೆತ್ತಿ ಗಂಡನನ್ನು ಕಂಡು ನಾಚಿದಳು. ಹಲಗೆಯನ್ನು ಬೆಂಚಿನಿಂದ ಬಿಡಿಸಿ ಅವನ ಕಡೆ ಚಾಚಿ, "ಸರಿಯಾಗೈತಾ ನೋಡ್ರಿ" ಅಂದಳು. ಮಹೇಂದ್ರ ಬೆರಳಾಡಿಸಿದ. ಎಲ್ಲೂ ಬೆರಳು ತಡೆಯಲಿಲ್ಲ. "ಪರವಾಗಿಲ್ಲ" ಅಂದ.

ಬೈಕಿನಲ್ಲಿ ವಾಪಸು ಬರುವಾಗ ಲೋಕೇಶನ ಮೇಲಿದ್ದ ಅನುಮಾನ ಎಲ್ಲೋ ಉದುರಿಹೋಗಿತ್ತು. ಅದಿದ್ದಿದ್ದರೇ ಚೆನ್ನಾಗಿತ್ತು ಅನ್ನಿಸುವಂಥ ಇನ್ನೊಂದು ಬಂದು ಕೂತಿತ್ತು.

ಅದಕ್ಕೆ ಹೆಸರಿಡಲು ಅವನಿಗೆ ಬಾಯಿ ಬರಲಿಲ್ಲ. ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಎಂದು ಯಾವ ಗಂಡಸು ಹೇಳಿಕೊಳ್ಳುತ್ತಾನೆ? ಅವಳು ಮದುವೆಯಾಗಿ ಬಂದಾಗಿನಿಂದ ಶೆಡ್ಡಿಗೆ ಬರುತ್ತಿದ್ದಳು. ಅವನು ಅವಳ ಕೈಗೆ ಕೊಟ್ಟಿದ್ದು ಉಪ್ಪುಕಾಗದ ಮಾತ್ರ. ಹತ್ತರಿ ಕೇಳಿದಾಗಲೆಲ್ಲ "ಕೈ ಕುಯ್ಕತೀಯ ಬುಡು" ಅಂದಿದ್ದ. ಅವಳು ಉಪ್ಪುಕಾಗದ ಉಜ್ಜುತ್ತ ಅವನ ಕೈಯನ್ನೇ ನೋಡುತ್ತಿದ್ದಳು. ಅಷ್ಟು ನೋಡಿಯೇ ಕಲಿತುಬಿಟ್ಟಳೇ? ಹಾಗಾದರೆ ಗುಡೇಮಾರನಹಳ್ಳಿಯಲ್ಲಿ ತಾನು ತಿಂದ ಬೈಗುಳ, ಬೊಬ್ಬೆ ಎದ್ದ ಅಂಗೈ, ಅದೆಲ್ಲ ಏನು?

ದಿನ ಕಳೆದಂತೆ ಅದು ಕಡಿಮೆಯಾಗಲಿಲ್ಲ. ಪಕ್ಕದ ಮನೆಯ ದೇವರಾಜು ಮಂಚದ ಕಾಲು ಅಲ್ಲಾಡುತ್ತದೆ ಎಂದು ಬಂದವನು, ಶೆಡ್ಡಿಗೆ ಇಣುಕಿ, "ಅಮೂಲ್ಯಕ್ಕ ಇಲ್ವಾ? ಟೌನಲ್ಲಿ ಭಾರಿ ಕೆಲಸ ಮಾಡ್ತಾಳಂತೆ, ಅವಳ್ನೇ ಒಂದ್ ಮಾತು ಕೇಳನಾ ಅಂತಿದ್ದೆ" ಎಂದ.

"ಯಾಕ್ಲಾ, ನನ್ನ ಕೈಯೇನು ಬಿದ್ದೋಗೈತಾ?"

"ಹೇ, ತಮಾಸೆಗೆ ಅಂದೆ ಕಣ್ಲಾ" ಎಂದು ದೇವರಾಜು ನಕ್ಕ. ಮಹೇಂದ್ರ ಆ ಮಂಚದ ಕಾಲಿಗೆ ಬೇಕಾದ್ದಕ್ಕಿಂತ ಜೋರಾಗಿ ಬೆಣೆ ಬಡಿದ. ಕಾಲು ಸೀಳಿತು. ಹೊಸ ಕಾಲು ಮಾಡಿಕೊಡಬೇಕಾಯಿತು.

ಅಮೂಲ್ಯ ಆಗ ಒಂದು ತಳ್ಳುಗಾಡಿ ಮಾಡುತ್ತಿದ್ದಳು. ಹೆಜ್ಜೆ ಕಲಿಯುವ ಮಗು ಹಿಡಿದು ನಡೆಯುವ ಮೂರು ಚಕ್ರದ ಗಾಡಿ. ನಕ್ಷೆ ಲೋಕೇಶನದು, ಕೆಲಸ ಪೂರ್ತಿ ಅವಳದು. ಬೆಂಗಳೂರಿನ ಗೊಂಬೆ ಅಂಗಡಿಯೊಂದರ ಪರವಾಗಿ ಸುಚಿತ್ರಾ ಎಂಬ ಹೆಂಗಸು ಬಂದು ಅದನ್ನು ಪರೀಕ್ಷೆ ಮಾಡುವವಳಿದ್ದಳು. ಒಪ್ಪಿದರೆ ಮಕ್ಕಳ ಮೇಜು, ಕುರ್ಚಿ, ಗಾಡಿಗಳಿಗೆ ಘಟಕದಲ್ಲಿ ಬೇರೆ ವಿಭಾಗವೇ ಶುರುವಾಗುತ್ತದೆ. ಕೊನೆಯ ನುಣುಪು ಕೆಲಸಕ್ಕೆ ಅಮೂಲ್ಯ ಗಾಡಿಯನ್ನು ಮನೆಗೆ ತಂದಳು. ಎರಡು ಸಂಜೆ ಶೆಡ್ಡಿನಲ್ಲಿ ಕೂತು ಮುಗಿಸಿ, ಹಳೇ ಸೀರೆಯಲ್ಲಿ ಸುತ್ತಿ ಇಟ್ಟಳು. ಮಾರನೆಯ ದಿನ ಮಗಳ ಶಾಲೆಯಲ್ಲಿ ತಂದೆತಾಯಿಯರ ಸಭೆ. ಮಹೇಂದ್ರ ಕೆಲಸವಿದೆ ಎಂದ. ಅವಳೊಬ್ಬಳೇ ಕನಕಪುರದ ಬಸ್ಸು ಹತ್ತಿದಳು.

ಮಧ್ಯಾಹ್ನ ಇಸ್ಮತ್ ಫೋನು ಮಾಡಿದಳು. ಅಮೂಲ್ಯಳ ಫೋನು ಸಿಗುತ್ತಿಲ್ಲ ಎಂದು ಮಹೇಂದ್ರನಿಗೆ ಹಚ್ಚಿದ್ದಳು.

"ನಾಳೆ ಹತ್ತು ಗಂಟೆಗೆ ಸುಚಿತ್ರಾ ಮೇಡಂ ಬರ್ತಾರೆ, ನಿಮ್ಮ ಮನೆಯೋಳಿಗೆ ಹೇಳ್ಬಿಡಿ. ಪಾಸಾದ್ರೆ ಆ ವಿಭಾಗಕ್ಕೆ ಅವಳೇ ಮೇಸ್ತ್ರಿ. ನಾನು ತೀರ್ಮಾನ ಮಾಡ್ಬಿಟ್ಟೆ."

"ಹೇಳ್ತೀನಿ" ಎಂದ ಮಹೇಂದ್ರ ಫೋನು ಜೇಬಿಗೆ ಹಾಕಿದ.

ಅವಳೇ ಮೇಸ್ತ್ರಿ. ತಾಯಿ ಒಳಗೆ ಮಲಗಿದ್ದಳು. ಹೊರಗೆ ಬಿಸಿಲು. ಅವನು ಸೀರೆ ಬಿಚ್ಚಿ ಗಾಡಿ ನೋಡಿದ. ನೋಡುವುದಕ್ಕೆಂದೇ ಬಿಚ್ಚಿದ್ದು ಎಂದು ತನಗೆ ತಾನೇ ಹೇಳಿಕೊಂಡ. ತಪ್ಪು ಹುಡುಕಿದ. ಮರದ ತುಂಡುಗಳು ಸೇರುವ ಕೂಡುಗಳನ್ನು ಅಲ್ಲಾಡಿಸಿದ, ಚಕ್ರ ತಿರುಗಿಸಿದ, ಏಣುಗಳ ಮೇಲೆ ಬೆರಳಾಡಿಸಿದ. ಒಂದೇ ಒಂದು ತಪ್ಪು ಸಿಕ್ಕಿದ್ದರೆ ಅವನು ಸೀರೆ ಸುತ್ತಿ ಎದ್ದುಬಿಡುತ್ತಿದ್ದನೋ ಏನೋ. ಸಿಗಲಿಲ್ಲ.

ಮಗು ಕೈಯಿಡುವ ಹಿಡಿ ಒಂದು ಚಪ್ಪಟೆ ಪಟ್ಟಿ. ಅದರ ಎರಡು ಸ್ಕ್ರೂ ಬಿಚ್ಚಿ ತೆಗೆದ. ತಲೆಕೆಳಗೆ ಮಾಡಿ ಬೆಂಚಿಗೆ ಬಿಗಿದ. ತನ್ನ ಸಣ್ಣ ಹತ್ತರಿ ತಗೊಂಡು, ಬೆರಳುಗಳು ಒಳಗಡೆಯಿಂದ ಹಿಡಿಯುವ ತಳಭಾಗವನ್ನು ಹೆರೆದ. ಓರೆ ಪಟ್ಟಿ ಸಣ್ಣಗಾಗುತ್ತ ಬಂದು ಮಾಯವಾಯಿತು. ಅದಿದ್ದ ಜಾಗದಲ್ಲಿ ಏಣು ಮತ್ತೆ ಎದ್ದು ನಿಂತಿತು, ಅಲಗಿನಂತೆ. ಆ ಹತ್ತರಿಯ ಅಲಗಿಗೆ ಹಿಂದೆ ಹಳೇ ಬಾಗಿಲಿನ ಮೊಳೆ ತಾಗಿ ಸಣ್ಣ ಮುಕ್ಕು ಬಿದ್ದಿತ್ತು. ಹೊಡೆದ ಕಡೆಯೆಲ್ಲ ಕೂದಲೆಳೆಯಂಥ ಉಬ್ಬು ಗೆರೆ ಉಳಿಯುತ್ತಿತ್ತು. ಅದನ್ನು ಉಪ್ಪುಕಾಗದದಲ್ಲಿ ಉಜ್ಜಿದ. ಹಿಡಿಯನ್ನು ವಾಪಸು ಕೂರಿಸಿ, ಸೀರೆಯನ್ನು ಅವಳು ಸುತ್ತಿದ್ದ ಹಾಗೆಯೇ ಸುತ್ತಿದ. ಉದುರಿದ ಸಿಪ್ಪೆಯನ್ನು ಒಲೆಗೆ ಹಾಕಿದ.

ಬೆಳಗ್ಗೆ ಬೈಕಿನಲ್ಲಿ ಅವಳನ್ನೂ ಗಾಡಿಯನ್ನೂ ಚನ್ನಪಟ್ಟಣಕ್ಕೆ ಕರೆದುಕೊಂಡು ಹೋದವನೂ ಅವನೇ. "ನೀವು ಬಂದದ್ದು ಒಳ್ಳೇದಾಯ್ತು, ನಂಗೊಬ್ಬಳಿಗೇ ಭಯ ಆಗ್ತಿತ್ತು" ಎಂದು ಅವಳು ಹಿಂದಿನಿಂದ ಹೇಳಿದಾಗ, ಬೈಕು ತಿರುಗಿಸಿಬಿಡಲೇ ಎಂದು ಅವನಿಗೆ ಒಂದು ಕ್ಷಣ ಅನ್ನಿಸಿತು. ತಿರುಗಿಸಲಿಲ್ಲ.

ಸುಚಿತ್ರಾ ಹೆಚ್ಚು ಮಾತಾಡುವವಳಲ್ಲ. ಗಾಡಿಯನ್ನು ನೆಲದ ಮೇಲೆ ಓಡಿಸಿದಳು, ಮಗುವಿನ ಎತ್ತರಕ್ಕೆ ಮಂಡಿಯೂರಿ ಕೂತಳು. "ತುಂಬಾ ಚೆನ್ನಾಗಿದೆ" ಅಂದಳು. ಆಮೇಲೆ ಮಗು ಹಿಡಿಯುವ ಹಾಗೆ ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಎಳೆದಳು. ತಕ್ಷಣ ಕೈ ಬಿಟ್ಟಳು. ಬೆರಳಿನ ಸಂದಿಯಲ್ಲಿ ಸಣ್ಣ ಕೆಂಪು ಗೆರೆ ಎದ್ದು, ನೋಡನೋಡುತ್ತ ರಕ್ತ ಒಸರಿತು.

ಎಲ್ಲ ಯಂತ್ರಗಳೂ ನಿಂತವು. ಇಸ್ಮತ್ ಅರಿಶಿನಕ್ಕೆ ಓಡಿದಳು. ಸುಚಿತ್ರಾ ಬೆರಳಿಗೆ ಕರ್ಚೀಫು ಸುತ್ತಿಕೊಳ್ಳುತ್ತ ಅಮೂಲ್ಯಳ ಕಡೆ ನೋಡಿದಳು. "ಇದು ಒಂದು ವರ್ಷದ ಮಗುವಿನ ಕೈ ಆಗಿದ್ರೆ?"

ಅಮೂಲ್ಯ ಬಿಳಚಿಕೊಂಡಿದ್ದಳು. ಗಾಡಿಯನ್ನು ಮಗುಚಿ ಹಿಡಿಯ ತಳ ನೋಡಿದಳು. ಬೆಳಕಿಗೆ ಓರೆ ಮಾಡಿ ಮತ್ತೆ ನೋಡಿದಳು. ಹೆಬ್ಬೆರಳಿನ ಉಗುರಿನಿಂದ ಮೆಲ್ಲನೆ ಗೀಚಿದಳು. ಮಹೇಂದ್ರ ಗೋಡೆಗೆ ಒರಗಿ ನಿಂತಿದ್ದ. ಅವಳು ತಲೆಯೆತ್ತಿ ಅವನನ್ನು ನೋಡಿದಾಗ ಅವನಿಗೆ ಗೊತ್ತಾಯಿತು, ಗೆರೆ ಎಲ್ಲೋ ಉಳಿದಿದೆ ಎಂದು.

ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ಅವಳು ಸುಚಿತ್ರಾಳ ಕಡೆ ತಿರುಗಿದಳು.

"ತಪ್ಪು ನನ್ನದು ಮೇಡಂ. ತರೋಕ್ ಮುಂಚೆ ಇನ್ನೊಂದ್ಸಲ ಮುಟ್ಟಿ ನೋಡ್ಬೇಕಿತ್ತು. ನೋಡ್ಲಿಲ್ಲ."

ಮನೆ ಮುಂದೆ ಬೈಕಿನಿಂದ ಇಳಿದ ಅಮೂಲ್ಯ ಒಳಗೆ ಹೋಗದೆ ನೇರ ಶೆಡ್ಡಿಗೆ ಹೋದಳು. ಮಹೇಂದ್ರ ಹಿಂದೆ ಹೋದ. ಅವಳು ಅವನ ಸಣ್ಣ ಹತ್ತರಿ ಎತ್ತಿಕೊಂಡು, ಒಂದು ಚೂರು ಮರವನ್ನು ಬೆಂಚಿಗೆ ಬಿಗಿದು, ಒಂದೇ ಸಲ ಹೊಡೆದಳು. ಮರದ ಮೇಲೆ ಕೂದಲೆಳೆಯ ಗೆರೆ ಎದ್ದಿತು.

"ಈ ಗೆರೆ ಉಜ್ಜಿ ಉಜ್ಜಿ ತೆಗೆದಿದ್ದು ಯಾರು ರೀ ಇಷ್ಟು ವರ್ಷ? ನನಗೆ ಗೊತ್ತಾಗಲ್ವಾ?"

ಮಹೇಂದ್ರ ಬೆಂಚಿನ ಮೇಲೆ ಬಿದ್ದ ಸಿಪ್ಪೆ ಒರೆಸತೊಡಗಿದ.

"ಲೋಕೇಶನ ಮೇಲೆ ಸಿಟ್ಟಾ? ಅವತ್ತು ನೀವು ಬಂದಾಗಲೇ ನಿಮ್ಮ ಮೊಕ ನೋಡಿ ಅನ್ಕಂಡೆ. ಅವನು ನನ್ನ ತಮ್ಮನ ವಯಸ್ಸಿನೋನು."

"ಅವನ ಮೇಲೇನಿಲ್ಲ."

"ಮತ್ಯಾರ ಮೇಲೆ?"

ಅವನು ಅವಳ ಕೈಯಲ್ಲಿದ್ದ ಹತ್ತರಿಯನ್ನೇ ನೋಡಿದ. ಆ ನೋಟ ಮೆಲ್ಲಗೆ ಅವಳಿಗೆ ಅರ್ಥವಾಯಿತು. ಹತ್ತರಿಯನ್ನು ಬೆಂಚಿನ ಮೇಲಿಟ್ಟು, ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟಳು.

"ನನ್ನ ಮೇಲಾ?"

"ಅಮೂಲ್ಯ..."

"ಅವನ ಮೇಲೆ ಅಂದಿದ್ರೆ ತಡ್ಕೋತಿದ್ದೆ ಕಣ್ರೀ. ಗಂಡಸರು, ಹಿಂಗೆಲ್ಲ ಆಯ್ತದೆ ಅಂತ. ನಾನೊಂದು ನೆಟ್ಟಗೆ ಮಾಡಿದ್ದು ನಿಮಗೆ ನೋಡಕಾಗ್ಲಿಲ್ವಾ? ಏಣು ಮುರಿ, ಏಣು ಮುರಿ ಅಂತ ನೀವು ಈ ಶೆಡ್ಡಲ್ಲಿ ಗೊಣಗ್ತಾ ಇದ್ದದ್ದು ಕೇಳ್ಕಂಡೇ ನಾನು ಕಲ್ತಿದ್ದು. ನೀವು ಹೇಳ್ಕೊಡ್ಲಿಲ್ಲ, ನಾನು ಕದ್ದೆ. ಅದನ್ನ ಹೇಳ್ಕಂಡು ಅಲ್ಲಿ ನಿಮ್ಮ ಹೆಸರು ಮೆರೆಸ್ತಿದ್ದೆ."

"ನಂಗೆ ಎರಡು ವರ್ಷ ಬೇಕಾಯ್ತು ಆ ಕೈ ಬರಕ್ಕೆ" ಎಂದ ಮಹೇಂದ್ರ. ಅವನ ದನಿ ಮಗುವಿನ ದನಿಯಾಗಿತ್ತು. "ನೀನು ಸುಮ್ನೆ ನಿಂತ್ಕಂಡು ಮಾಡ್ಬುಟ್ಟೆ."

"ಸುಮ್ನೆ? ಹದಿಮೂರು ವರ್ಷ ಉಪ್ಪುಕಾಗದ ಉಜ್ಜಿದ್ದೀನಿ. ನಿಮ್ಮ ಎರಡೇ ದೊಡ್ಡದು ನಿಮಗೆ."

ಅವಳು ಎದ್ದು ಹೋದಳು. ಅವತ್ತಿನಿಂದ ಮಾರಕ್ಕನ ಪಕ್ಕ ಹಾಸಿಗೆ ಹಾಕಿಕೊಂಡಳು. ಊಟ ಬಡಿಸುತ್ತಿದ್ದಳು, ಬಟ್ಟೆ ಮಡಿಸಿ ಇಡುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಶೆಡ್ಡಿಗೆ ಮಾತ್ರ ಕಾಲಿಡಲಿಲ್ಲ. ಮಾರಕ್ಕ ಏನು ಕೇಳಿಕೊಂಡಳೋ, ಏನು ಕೇಳಲಿಲ್ಲವೋ. ಒಂದು ಬೆಳಗ್ಗೆ ಮಗನ ತಟ್ಟೆಗೆ ಮುದ್ದೆ ಹಾಕುತ್ತ, "ನಿಮ್ಮಪ್ಪನ್ಗೂ ನಾನು ಅವ್ರಿಗಿಂತ ಮುಂಚೆ ಲೆಕ್ಕ ಹೇಳಿದ್ರೆ ಆಯ್ತಿರ್ಲಿಲ್ಲ. ಸಾಯಗಂಟ ಒಂದ್ಸಲ ಹೌದು ಕಣೆ ಅನ್ಲಿಲ್ಲ" ಅಂದಳು. ಅಷ್ಟೇ.

ಘಟಕದಲ್ಲಿ ಅಮೂಲ್ಯ ಇನ್ನೊಂದು ಗಾಡಿ ಮಾಡಿದಳು. ಸುಚಿತ್ರಾ ಮತ್ತೆ ಬಂದು, ಈ ಸಲ ತುಸು ಹೆದರಿಕೊಂಡೇ ಹಿಡಿ ಹಿಡಿದು, ಒಪ್ಪಿದಳು. ಅದೂ ಮಹೇಂದ್ರನಿಗೆ ತಿಳಿದದ್ದು ದೇವರಾಜುವಿನಿಂದ. "ಏನ್ಲಾ, ಪಾರ್ಟಿ ಕೊಡ್ಸಲ್ವಾ?" ಎಂದು ಅವನು ಬಸ್ ಸ್ಟಾಂಡಿನಲ್ಲಿ ಭುಜ ತಟ್ಟಿದ್ದ. ಮಹೇಂದ್ರ ಮನೆಗೆ ಬಂದು ಅವಳ ಮುಂದೆ ನಿಂತು, "ಪಾಸಾಯ್ತಂತೆ" ಅಂದ. "ಹೂಂ" ಅಂದಳು. ಖುಷಿ ಆಯ್ತು ಅನ್ನಬೇಕೆಂದು ಅವನು ಬಾಯಿ ತೆರೆದ. ಅದು ಪೂರ್ತಿ ನಿಜವಾಗಿರಲಿಲ್ಲ. ಅವಳಿಗೆ ಇನ್ನೊಂದು ಸುಳ್ಳು ಹೇಳಲು ಮನಸ್ಸು ಬರದೆ ಹಿತ್ತಲಿಗೆ ಹೋಗಿ ಮುಖ ತೊಳೆದ. ಮಾರನೆಯ ದಿನ ಹತ್ತರಿಯ ಅಲಗನ್ನು ಬಿಚ್ಚಿ ಸಾಣೆಗೆ ಹಿಡಿದ. ಮುಕ್ಕು ಹೋಗುವ ತನಕ ತೇಯ್ದ. ಬಹಳ ಹೊತ್ತು ಹಿಡಿಯಿತು.

ಮಾಗಿ ಕಳೆಯುವ ಹೊತ್ತಿಗೆ ಉಯ್ಯಂಬಳ್ಳಿ ಕಡೆಯ ಕೆಲವು ಅಂಗನವಾಡಿಗಳಿಗೆ ಪುಟ್ಟ ಮೇಜು ಕುರ್ಚಿ ಮಾಡಿಕೊಡುವ ಕೆಲಸ ಇಸ್ಮತ್‌ಗೆ ಸಿಕ್ಕಿತು. ಕೂಡು ಕೆಲಸಕ್ಕೆ ಒಬ್ಬ ಪಳಗಿದ ಕೈ ಬೇಕಾಗಿತ್ತು. ಮಹೇಂದ್ರಣ್ಣನನ್ನೇ ಕರೆಯೋಣ ಅಂದದ್ದು ಲೋಕೇಶ್. ಅವನಿಗೆ ಯಾವ ವಿಷಯವೂ ಗೊತ್ತಿರಲಿಲ್ಲ. ಅಮೂಲ್ಯ ಮನೆಗೆ ಬಂದು ಅದನ್ನು ಗಂಡನಿಗೆ ಹೇಳಿದಳು.

"ಬರೋದಾದ್ರೆ ಬನ್ನಿ. ಕೂಡು ನೀವು ಹಾಕಿ, ಅದ್ರಲ್ಲಿ ನಿಮ್ಮ ಸಮ ನಾನಲ್ಲ. ಆದ್ರೆ ಹೊರಗೆ ಹೋಗೋ ಪ್ರತಿ ಸಾಮಾನೂ ಕೊನೆಗೆ ನನ್ನ ಕೈ ದಾಟೇ ಹೋಗ್ಬೇಕು. ನಿಮ್ಮದೂ."

ಮಹೇಂದ್ರನ ಕಿವಿ ಬಿಸಿಯಾಯಿತು. ಆಗಲ್ಲ ಅನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. "ಬತ್ತೀನಿ" ಅಂದ.

ಹೋದ. ಅವನು ಮಾಡಿದ ಮೇಜನ್ನು ಹೆಂಡತಿ ಬೋರಲು ಹಾಕಿ, ಎಲ್ಲರ ಎದುರಿಗೆ ಅದರ ಏಣುಗಳ ಮೇಲೆ ಅಂಗೈ ಓಡಿಸುವಾಗ ಮೊದಮೊದಲು ಅವನು ಹೊರಗೆ ಹೋಗಿ ಬೀಡಿ ಹಚ್ಚುತ್ತಿದ್ದ. ಒಂದು ಮೇಜನ್ನು ಅವಳು ವಾಪಸು ಕಳಿಸಿದಳು. "ಇಲ್ಲಿ ತಡೀತದೆ, ನೋಡಿ." ಬೇಕೆಂದೇ ಮಾಡುತ್ತಿದ್ದಾಳೆ ಎಂದು ಅವನಿಗೆ ಉರಿಯಿತು. ಮುಟ್ಟಿ ನೋಡಿದ. ತಡೆಯುತ್ತಿತ್ತು. ಸರಿ ಮಾಡಿಕೊಟ್ಟ. ಆಮೇಲೆ ಬೀಡಿಗೆ ಹೋಗುವುದು ಕಡಿಮೆಯಾಯಿತು. ನಿಂತು ನೋಡತೊಡಗಿದ. ಅವಳು ಕಣ್ಣು ಮುಚ್ಚಿಕೊಂಡು ಮುಟ್ಟುತ್ತಿದ್ದಳು, ಅದನ್ನು ಅವನು ಹಿಂದೆಂದೂ ಗಮನಿಸಿರಲಿಲ್ಲ. ಒಂದು ದಿನ ಯಾರೂ ಇಲ್ಲದಾಗ ತಾನೂ ಹಾಗೆ ಮಾಡಿ ನೋಡಿದ. ಕಣ್ಣಿಗೆ ಕಾಣದಿದ್ದ ಒಂದು ಉಬ್ಬು ಬೆರಳಿಗೆ ಸಿಕ್ಕಿತು. ಸಿಟ್ಟೂ ಬಂತು, ಸಂತೋಷವೂ ಆಯಿತು. ಎರಡರಲ್ಲಿ ಯಾವುದು ಹೆಚ್ಚು ಎಂದು ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ.

ಸಾಮಾನು ತಲುಪಿಸುವ ದಿನ ಇಬ್ಬರೂ ಗೂಡ್ಸ್ ಆಟೋದಲ್ಲಿ ಹೋದರು. ಕನಕಪುರ ದಾಟಿದ ಮೇಲೆ ದಾರಿಯ ಎರಡೂ ಕಡೆ ಬಂಡೆ, ಹುಣಸೆ ಮರ. ಡ್ರೈವರ್ ಹಾಕಿದ ಹಾಡಿಗೆ ಅವಳು ಕಾಲು ಕುಣಿಸುತ್ತಿದ್ದಳು. ಅಂಗನವಾಡಿಯಲ್ಲಿ ಮೇಜುಗಳನ್ನು ಇಳಿಸಿ ಸಾಲಾಗಿ ಜೋಡಿಸಿದರು. ಮಕ್ಕಳು ಬಂದು ಮುಗಿಬಿದ್ದವು. ಒಂದು ಮಗು ಮೇಜಿನ ಅಂಚಿಗೆ ಗಲ್ಲವಿಟ್ಟು ಹಾಗೇ ನಿಂತುಕೊಂಡಿತು.

ಪಂಚಾಯಿತಿಯ ಒಬ್ಬ ಹಿರಿಯರು ಕುರ್ಚಿಯೊಂದನ್ನು ಎತ್ತಿ, ತಿರುಗಿಸಿ, ಸವರಿ ನೋಡಿದರು. ನೇರ ಮಹೇಂದ್ರನ ಹತ್ತಿರ ಬಂದು ಅವನ ಭುಜದ ಮೇಲೆ ಕೈಯಿಟ್ಟರು. "ಏನ್ ಕೈಯಪ್ಪ ನಿಂದು! ಎಲ್ಲೂ ಒಂದ್ ಚೂರು ಚುಚ್ಚಕಿಲ್ಲ, ಬೆಣ್ಣೆ ಮುಟ್ಟಿದಂಗೈತೆ. ನಮ್ಮೂರ ಸಮುದಾಯ ಭವನದ ಕೆಲಸ ಬಾಕಿ ಐತೆ. ನಿನ್ನಂಥ ಮೇಸ್ತ್ರೀನೇ ಹುಡುಕ್ತಿದ್ವಿ."

ಅಮೂಲ್ಯ ನಾಲ್ಕು ಮಾರು ದೂರದಲ್ಲಿ ಒಂದು ಕುರ್ಚಿಯ ಸ್ಕ್ರೂ ಬಿಗಿಯುತ್ತಿದ್ದಳು. ಅವಳ ಕೈ ನಿಂತಿತು. ತಲೆ ಎತ್ತಲಿಲ್ಲ.

ಆ ಮಾತು ಕಿವಿಗೆ ಎಷ್ಟು ಹಿತವಾಗಿತ್ತೆಂದರೆ ಮಹೇಂದ್ರ ಅದನ್ನು ಒಂದು ಗಳಿಗೆ ಹಾಗೆಯೇ ಇಟ್ಟುಕೊಂಡ. ಹೌದು ಎಂದು ಬರೀ ನಕ್ಕರೂ ಸಾಕಾಗಿತ್ತು, ಸುಳ್ಳು ಹೇಳುವ ಅಗತ್ಯವೂ ಇರಲಿಲ್ಲ.

"ಕೂಡು ನಂದು ಯಜಮಾನ್ರೇ. ಈ ನೀವು ಮುಟ್ಟಿ ನೋಡಿದ್ರಲ್ಲ, ಅದು ಅವಳ್ದು" ಎಂದು ಹೆಂಡತಿಯ ಕಡೆ ತೋರಿಸಿದ. "ಮೇಸ್ತ್ರಿ ಅವಳೇ. ನಾನು ಅವಳ ಕೈಕೆಳಗೆ ಕೆಲಸ ಮಾಡೋನು."

ಹಿರಿಯರು ನಂಬಲಾರದೆ ಇಬ್ಬರನ್ನೂ ನೋಡಿದರು. ಆಮೇಲೆ ಅವನ ಭುಜದಿಂದ ಕೈ ತೆಗೆದು ಅಮೂಲ್ಯಳ ಕಡೆ ನಡೆದರು. "ನೀನೇನವ್ವ ಮಾಡಿದ್ದು? ನಿನ್ ನಂಬರ್ ಹೇಳವ್ವ ಒಸಿ." ಅವಳು ಎದ್ದು ನಿಂತು, ಕೈ ಸೆರಗಿಗೆ ಒರೆಸಿಕೊಂಡು ನಂಬರು ಹೇಳತೊಡಗಿದಳು. ಭವನ ಎಷ್ಟು ದೊಡ್ಡದು, ಎಷ್ಟು ಬಾಗಿಲು, ಯಾವ ಮರ ಎಂದು ಒಂದೊಂದೇ ಕೇಳುತ್ತಿದ್ದಳು. ಅವಳ ದನಿಯಲ್ಲಿ ಎಲ್ಲೂ ಅಳುಕಿರಲಿಲ್ಲ. ಹಿರಿಯರು ಮಹೇಂದ್ರನ ಕಡೆ ಮತ್ತೆ ತಿರುಗಲೇ ಇಲ್ಲ.

ಕೈ ತೆಗೆದ ಭುಜ ಅವನಿಗೆ ಹಗುರವಾಗೇನೂ ಅನ್ನಿಸಲಿಲ್ಲ. ಹೊಟ್ಟೆಯೊಳಗೆ ಹಳೇ ಕಿಚ್ಚು ಇತ್ತು, ಮೊದಲಿನಷ್ಟಲ್ಲದಿದ್ದರೂ ಇತ್ತು. ಅವನು ಹೊರಗೆ ಬಂದು ಆಟೋದ ಹಿಂಬದಿಗೆ ಖಾಲಿ ಗೋಣಿಗಳನ್ನು ಮಡಚಿ ಹಾಕಿದ, ಹಗ್ಗ ಸುತ್ತಿದ. ಡ್ರೈವರ್ ಹಾರನ್ ಒತ್ತಲು ಹೋದಾಗ ತಡೆದ.

"ಒಸಿ ತಡೀಲಾ. ಅವಳು ಕೆಲಸದ ಮಾತಾಡ್ತಾವ್ಳೆ."

ಹುಣಸೆ ಮರದ ನೆರಳಿಗೆ ಹೋಗಿ ಅವನು ಕಾಯುತ್ತ ನಿಂತ.